ಬಿದ್ದ ಮೇಲಿನ ಏಟುಗಳು

ಆ ಶನಿವಾರ ಬೆಳಿಗ್ಗೆ ನನ್ನ ಅಕ್ಕನ ಮಗಳು ಡೇನಾ ಮನೆಗೆ ಬಂದಾಗ ಅವಳ ಮೇಲ್ದುಟಿ ಇನ್ನೂ ಊದಿಕೊಂಡಿತ್ತು. ಗುರುವಾರ ಸಮನ್ಸ್ ಕೊಡಲು ಹೋದ ಮನೆಯಲ್ಲಿ ಒಬ್ಬಾಕೆ ಬಾಗಿಲನ್ನು ಅವಳ ಮುಖಕ್ಕೇ ಅಪ್ಪಳಿಸಿದ್ದಳು. ಓಹಾಯೋ ನದಿಯ ದಂಡೆಯ ನಮ್ಮ ಊರಿನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೂ ಕೋರ್ಟಿನ ಕಾಗದ ಹಂಚುವ ಕೆಲಸಕ್ಕೆ ಬರಗಾಲ ಬಂದಿರಲಿಲ್ಲ. ಒಂದು ಕಾಗದಕ್ಕೆ ಎಪ್ಪತ್ತು ಡಾಲರ್. ಬೈಗುಳ, ನಾಯಿ, ಏಟು ಉಚಿತ.

"ಸಾಕಾಗೋಯ್ತು ಚಿಕ್ಕಮ್ಮ. ನಿನ್ ಥರ ಒಳಗೆ ಕೂತು ಕೆಲ್ಸ ಮಾಡ್ತೀನಿ. ನಾಲ್ಕು ವರ್ಷದ ಪ್ಯಾರಾಲೀಗಲ್ ಡಿಗ್ರಿನೇ ಮಾಡ್ಬಿಡ್ತೀನಿ," ಎಂದಳು.

ನಾನು ಹಾಲ್ಡೆಮನ್ ವಕೀಲರ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಪ್ಯಾರಾಲೀಗಲ್. ಕೋರ್ಟಿನಲ್ಲಿ ವಾದಿಸುವುದೊಂದನ್ನು ಬಿಟ್ಟು ವಕೀಲರ ಮಿಕ್ಕ ದುಡಿಮೆಯೆಲ್ಲ ನಮ್ಮ ತಲೆಯ ಮೇಲೆ. ಪೆನ್ಸಿಲ್ ತೆಗೆದುಕೊಂಡೆ.

"ಡಿಗ್ರಿಗೆ ನಲವತ್ನಾಲ್ಕು ಸಾವಿರ. ನಾನು ಮಾಡಿದ ಎರಡು ವರ್ಷದ ಕೋರ್ಸಿಗೆ ಒಂಬತ್ತು. ಕೆಲ್ಸಕ್ಕೆ ಸೇರ್ದಾಗ ಡಿಗ್ರಿಯವಳಿಗೆ ವರ್ಷಕ್ಕೆ ನಾಲ್ಕು ಸಾವಿರ ಜಾಸ್ತಿ, ಅಷ್ಟೇ. ಹೆಚ್ಚಿಗೆ ಹಾಕಿದ್ದು ವಾಪಸ್ ಬರೋಕೇ ಒಂಬತ್ತು ವರ್ಷ. ಅದೂ ಸಾಲಕ್ಕೆ ಬಡ್ಡಿ ಇಲ್ದಿದ್ರೆ."

"ಡಿಗ್ರಿ ಇಲ್ದೋರ ಅರ್ಜೀನ ಕೊಲಂಬಸ್ಸಿನ ದೊಡ್ಡ ಕಚೇರಿಗಳು ಬಿಚ್ಚಿ ಕೂಡ ನೋಡಲ್ಲ."

"ಕೊಲಂಬಸ್ ಮನೆ ಬಾಡಿಗೆ ನೋಡಿದೀಯಾ?"

"ನಿನ್ ಲೆಕ್ಕದಲ್ಲಿ ನನ್ ಹಲ್ಲಿಗೆ ಎಷ್ಟು ಹಾಕಿದೀಯ ಚಿಕ್ಕಮ್ಮ?" ಎಂದು ತುಟಿ ಎತ್ತಿ ಅಲ್ಲಾಡುವ ಹಲ್ಲನ್ನು ತೋರಿಸಿದಳು.

ಪೆನ್ಸಿಲ್ ಕೆಳಗಿಟ್ಟೆ. ಆ ಹಲ್ಲು ನೋಡಿ ಮನಸ್ಸು ಕರಗಿತು. ಫೀಸಿನ ಮೊದಲ ಕಂತಿಗಾದರೂ ನೆರವಾಗಲೆಂದು ನಾನೇ ಚೀಲದಿಂದ ಕಚೇರಿಯ ಒಂದು ಕಾಗದ ತೆಗೆದೆ. ಲೊವೆಲ್ ಪ್ರ್ಯಾಥರ್ ಎಂಬವನಿಗೆ ಹೆಂಡತಿ ಕಳಿಸಿದ್ದ ವಿಚ್ಛೇದನದ ನೋಟೀಸು. ಕಾಗದ ಹಂಚುವ ಬೇರೆ ಇಬ್ಬರು ಅವನ ಅಂಗಳದವರೆಗೆ ಹೋಗಿ ಹೆದರಿ ಹಿಂದಿರುಗಿದ್ದರು. ಹಾಲ್ಡೆಮನ್ ಇನ್ನೂರು ಡಾಲರ್ ಕೊಡಲು ಒಪ್ಪಿದ್ದರು.

"ನಾನೂ ಬರ್ತೀನಿ. ಇಬ್ರು ಹೆಂಗಸ್ರು, ಹಗಲು ಹೊತ್ತು. ಏನ್ ಮಾಡ್ತಾನೆ?" ಎಂದೆ.

ನಾವು ಹೋದಾಗ ಅವನು ಅಂಗಳದಲ್ಲಿ ಪಿಕಪ್ ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿ ಚಕ್ರ ಬಿಚ್ಚುತ್ತಿದ್ದ. ನಾನು ಕಾರಿನಲ್ಲೇ ಕುಳಿತೆ. ಡೇನಾ ಅವನ ಹೆಸರು ಕೇಳಿ ಖಚಿತಪಡಿಸಿಕೊಂಡು ಕಾಗದ ಕೈಗಿತ್ತಳು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಅವನು ನಿಂತಲ್ಲೇ ಓದತೊಡಗಿದ. ಅವನ ಹೆಂಡತಿಯ ಅಫಿಡವಿಟ್ ಅದರ ಜೊತೆಗಿತ್ತು. ಅವಳ ಭುಜದ ಮೂಳೆ ಮುರಿದದ್ದು ಯಾವ ದಿನ, ಒಲೆಯ ಮೇಲೆ ಅವಳ ಅಂಗೈ ಒತ್ತಿ ಹಿಡಿದದ್ದು ಎಷ್ಟು ಹೊತ್ತು, ಎಲ್ಲವೂ. ಅವಳು ಅಳುತ್ತಾ ಚೂರುಚೂರಾಗಿ ಹೇಳಿದ್ದನ್ನು ಸಾಲಾಗಿ ಜೋಡಿಸಿದವಳು ನಾನು. ಕೊನೆಯಲ್ಲಿ, ಪ್ರಮಾಣ ಮಾಡಿಸಿದವಳೆಂದು ನನ್ನ ಮೊಹರು, ನನ್ನ ಹೆಸರು.

"ಟ್ರೂಡಿ ಕಿಲ್‌ಗೋರ್. ಯಾರೇ ಇವ್ಳು?" ಎಂದು ಕೂಗಿದ.

ಡೇನಾಳ ಕಣ್ಣು ಒಂದು ಕ್ಷಣ ಕಾರಿನ ಕಡೆ ಹೊರಳಿತು. ಅವನಿಗೆ ಅಷ್ಟೇ ಸಾಕಾಯಿತು.

ಬೋಲ್ಟು ಬಿಚ್ಚುವ ಕಬ್ಬಿಣದ ಪಾನಾ ಹಿಡಿದು ಓಡಿ ಬಂದ. ಮೊದಲ ಏಟಿಗೆ ಕಿಟಕಿಯ ಗಾಜು ಸಿಡಿದು ನನ್ನ ಎಡಗಣ್ಣಿಗೆ ನಾಟಿತು. ಕೂದಲು ಹಿಡಿದು ಆ ಒಡಕಿನಿಂದಲೇ ನನ್ನನ್ನು ಹೊರಗೆಳೆಯತೊಡಗಿದ. ಗಾಜಿನ ಅಂಚು ಕುತ್ತಿಗೆ ಸೀಳುತ್ತಿತ್ತು.

"ನನ್ ಹೆಂಡ್ತಿಗೆ ಇಷ್ಟೊಂದು ಮಾತು ಬರಲ್ಲ ಕಣೇ! ಬರೆದವಳು ನೀನು! ನೀನು!" ಎನ್ನುತ್ತಾ ಪಾನಾ ಎತ್ತಿದ.

ಡೇನಾ ಜ್ಯಾಕಿನ ಸರಳನ್ನು ಕಿತ್ತುಕೊಂಡು ಬಂದಿದ್ದಳು. ಮೊದಲ ಏಟು ಅವನ ಮಣಿಕಟ್ಟಿಗೆ ಬಿತ್ತು, ಪಾನಾ ಜಾರಿತು. ಅವನು ನನ್ನನ್ನು ಬಿಟ್ಟು ಅವಳ ಮುಖಕ್ಕೆ ಗುದ್ದಿದ. ಅವಳು ಮಗುಚಿ ಬಿದ್ದಳು. ಹೊಟ್ಟೆಗೆ ಬೂಟುಗಾಲಿನಿಂದ ಒದ್ದ, ಮತ್ತೆ ಒದ್ದ, ಆಮೇಲೆ ಪಾನಾ ಹೆಕ್ಕಿಕೊಳ್ಳಲು ಬಗ್ಗಿದ. ಬಿದ್ದಲ್ಲಿಂದಲೇ ಅವಳು ಎರಡನೆಯ ಏಟನ್ನು ಅವನ ಮಂಡಿಗೆ ಬೀಸಿದಳು. ಹಸಿ ಕೊಂಬೆ ಮುರಿದಂಥ ಸದ್ದಾಯಿತು. ಅವನು ನೆಲಕ್ಕೆ ಕುಸಿದ.

ಡೇನಾ ಎದ್ದು ನಿಂತಳು. ಅವನು ಮೊಣಕೈ ಊರಿ ಹಿಂದಕ್ಕೆ ತೆವಳುತ್ತಿದ್ದ. ಅವಳು ಹೊಡೆದಳು. ಅವನು ಕಿರುಚಿದ. ಅದೇ ಮಂಡಿಗೆ ಇನ್ನೊಂದು. ಇನ್ನೊಂದು.

"ಡೇನಾ, ಸಾಕು! ಸಾಕು ಬಿಡೇ!"

ಆಗ ನಿಲ್ಲಿಸಿದಳು. ಸರಳಿನ ತುದಿಗೆ ಅವನ ಪ್ಯಾಂಟಿನ ದಾರ ಸಿಕ್ಕಿಕೊಂಡಿತ್ತು.

ಶೆರಿಫ್ ಕಚೇರಿಯ ಪೊಲೀಸರು ಬರುವಷ್ಟರಲ್ಲಿ ನಾನು ಕಣ್ಣಿಗೆ ಸ್ಕಾರ್ಫ್ ಒತ್ತಿಕೊಂಡು ಅವಳ ಕಿವಿಯ ಬಳಿ ಹೇಳಿದೆ: "ಎರಡೇ ಏಟು ಅನ್ನು. ಬೀಳೋತನಕ ಹೊಡೆದದ್ದು ಆತ್ಮರಕ್ಷಣೆ, ಬಿದ್ಮೇಲಿಂದು ಅಪರಾಧ. ನಿನ್ ಮೇಲೆ ಕೇಸಾದ್ರೆ ಯಾವ ವಕೀಲ ಕೆಲ್ಸ ಕೊಡ್ತಾನೆ? ಡಿಗ್ರಿ ತಗೊಂಡು ಗೋಡೆಗೆ ನೇತುಹಾಕ್ಬೇಕಷ್ಟೆ."

ಅವಳು ರಕ್ತ ಉಗಿದಳು. ಹಲ್ಲೂ ಜೊತೆಗೆ ಬಂತು.

ಶೆರಿಫ್ ಕಚೇರಿಯ ಡೆಪ್ಯುಟಿ ಎಷ್ಟು ಏಟು ಎಂದು ಕೇಳಿದಾಗ ಸ್ಪಷ್ಟವಾಗಿ ಹೇಳಿದಳು: "ಐದು. ಬಿದ್ಮೇಲೆ ಮೂರು. ನಿಲ್ಲಿಸ್ಬೇಕು ಅಂತ ಅನ್ಸಲೇ ಇಲ್ಲ ಸಾರ್."

ನನ್ನನ್ನೂ ಕೇಳಿದ. ಕಣ್ಣಿನಲ್ಲಿ ರಕ್ತವಿತ್ತು, ಏನೂ ಕಾಣಲಿಲ್ಲ ಎಂದೆ. ಬಲಗಣ್ಣು ಚೆನ್ನಾಗಿಯೇ ಇತ್ತು.

ಆಂಬುಲೆನ್ಸಿನಲ್ಲಿ ಅವಳ ಮೇಲೆ ಹರಿಹಾಯ್ದೆ. "ಹುಚ್ಚಿ! ನಿನ್ ಬದುಕನ್ನ ನೀನೇ ಬೀದಿಗೆ ಎಸೆದೆ."

"ಕಾರಲ್ಲಿ ಬರ್ತಾ ನೀ ಬರೆದಿದ್ನ ಓದಿದ್ದೆ ಚಿಕ್ಕಮ್ಮ. ಆ ಒಲೆ ವಿಷಯ. ಮೂರೂ ಏಟು ಅದಕ್ಕೇ ಹೊಡೆದೆ. ಹೊಡೆದು ಇಲ್ಲ ಅನ್ನೋಕೆ ನನ್ ಕೈಲಾಗಲ್ಲ."

ಕೋರ್ಟಿನಲ್ಲಿ ಪ್ರಮಾಣ ಮಾಡಿಸಿ ಕೇಳಿದಾಗ ನಾನೂ ಐದು ಎಂದೆ. ಎದುರಿಗೆ ಅವಳು ಕುಳಿತಿರುವಾಗ ಬೇರೆ ಅಂಕಿ ಬಾಯಿಗೆ ಬರಲಿಲ್ಲ. ಪ್ರ್ಯಾಥರನಿಗೆ ಏಳು ವರ್ಷ ಜೈಲಾಯಿತು. ಡೇನಾಳ ಮೇಲಿನ ಆರೋಪವನ್ನು ಸರ್ಕಾರಿ ವಕೀಲರು ಸಣ್ಣ ಅಪರಾಧಕ್ಕೆ ಇಳಿಸಿದರು. ಜೈಲಿಲ್ಲ, ಒಂದು ವರ್ಷ ಕೋರ್ಟಿನ ನಿಗಾ. ಆದರೆ ದಾಖಲೆಯಲ್ಲಿ ಕಲೆ ಉಳಿಯಿತು. ಹಾಲ್ಡೆಮನ್ ಅವಳಿಗೆ ಕಾಗದ ಕೊಡುವುದನ್ನು ನಿಲ್ಲಿಸಿದರು. ನನ್ನ ಎಡಗಣ್ಣು ಹೋಯಿತು. ನಾನೂ ಕೆಲಸ ಬಿಟ್ಟೆ.

ಇಷ್ಟಾದ ಮೇಲೂ ಅವಳು ಡಿಗ್ರಿಗೇ ಸೇರಿದಳು. ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ಕಚೇರಿಯ ಮುಖ್ಯಸ್ಥೆ ವಿಲ್ಲಾ ಡ್ರಮ್ ಎಂಬಾಕೆ ಅವಳ ದಾಖಲೆ ಪೂರ್ತಿ ಓದಿ, "ನಿಜ ಹೇಳಿ ಸಿಕ್ಕಿಹಾಕಿಕೊಂಡೋಳನ್ನ ಇವತ್ತೇ ನೋಡ್ತಿರೋದು ನಾನು. ಓದ್ತಾ ಓದ್ತಾ ಇಲ್ಲೇ ಅರ್ಧ ದಿನ ಕೆಲ್ಸ ಮಾಡು," ಎಂದಿದ್ದರು. ಓದು ಮುಗಿದ ಮೇಲೂ ಅಲ್ಲಿ ಸಿಗುವುದು ವರ್ಷಕ್ಕೆ ಮೂವತ್ತೇಳು ಸಾವಿರ. ನಿನಗೆ ನಲವತ್ತು ವರ್ಷ ತುಂಬಿದರೂ ಹಾಕಿದ ಹಣ ಕೈಸೇರುವುದಿಲ್ಲ ಎಂದು ಹೇಳಿ ನೋಡಿದೆ. "ಗೊತ್ತು, ಚಿಕ್ಕಮ್ಮ," ಎಂದಳು.

ಕಳೆದ ತಿಂಗಳು ಜೈಲಿನ ಭೇಟಿ ಕೋಣೆಯಲ್ಲಿ, ತಮ್ಮನನ್ನು ಇರಿದವನೊಬ್ಬನ ಹೇಳಿಕೆ ಬರೆದುಕೊಳ್ಳುವಾಗ, ಅವನು ಮೇಜನ್ನು ಅವಳ ಮೇಲೆ ಉರುಳಿಸಿದ. ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಮರುದಿನ ಸುದ್ದಿ ತಿಳಿದು ಫೋನ್ ಮಾಡಿದೆ.

"ಬಿಟ್ಟು ಬಾರೇ ಮಗಳೇ. ಕೈಮುಗೀತೀನಿ," ಎಂದೆ.

"ಆಮೇಲ್ ಮಾತಾಡ್ತೀನಿ. ಮೇಜು ಉರುಳಿಸಿದ್ನಲ್ಲ, ಅವ್ನೇ ಎದುರಿಗೆ ಕೂತಿದಾನೆ, ಅಳ್ತಿದಾನೆ. ಹೇಳಿಕೆ ಅರ್ಧಕ್ಕೆ ನಿಂತಿದೆ," ಎಂದು ಫೋನ್ ಇಟ್ಟಳು.