ಚೂಡಾಮಣಿ ಮೇಡಂ ಅಟ್ಟ ಹತ್ತಿದ್ದು

ಎನ್.ಆರ್. ಕಾಲೋನಿಯ ಚೂಡಾಮಣಿ ಮೇಡಂಗೆ ಬೆಕ್ಕೆಂದರೆ ಪ್ರಾಣ. ಆದರೆ ಬೆಕ್ಕು ಹತ್ತಿರ ಸುಳಿದರೆ ಸಾಕು, ಅವರ ಕಣ್ಣು ಊದಿಕೊಂಡು, ಮೈಯೆಲ್ಲ ದದ್ದು ಎದ್ದು, ಉಬ್ಬಸ ಶುರುವಾಗುತ್ತಿತ್ತು. ಚಿಕ್ಕವರಿದ್ದಾಗ ಮರಿಯೊಂದನ್ನು ತಬ್ಬಿಕೊಂಡು ಮಲಗಿದ್ದಕ್ಕೆ ಜೀವ ಉಳಿದದ್ದೇ ಹೆಚ್ಚು ಎನ್ನುವಂತಾಗಿತ್ತಂತೆ. ಅಂದಿನಿಂದ ಅವರು ಬೆಕ್ಕನ್ನು ಮುಟ್ಟಿರಲಿಲ್ಲ. ಪ್ರೀತಿ ಮಾತ್ರ ಹೋಗಿರಲಿಲ್ಲ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಡಂ ಅಣ್ಣ ಶೀನಣ್ಣನ ಜೊತೆ ವಾಸವಾಗಿದ್ದರು. ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಹಾಲನ್ನವಿಟ್ಟು, "ಬಾರಮ್ಮಾ" ಎಂದು ಕೂಗಿ, ಒಳಗೆ ಬಂದು ಕಿಟಕಿ ಮುಚ್ಚಿಕೊಂಡು ಗಾಜಿನಿಂದ ನೋಡುತ್ತಿದ್ದರು. ಪಕ್ಕದ ಪಾಳುಮನೆಯಿಂದ ಬೂದು ಬೆಕ್ಕೊಂದು ಕಾಂಪೌಂಡ್ ಹಾರಿ ಬರುತ್ತಿತ್ತು.

"ನೋಡು ಶೀನಣ್ಣ, ತಿಂದಾದ್ಮೇಲೆ ಹೇಗೆ ಮುಖ ತೊಳ್ಕೊಳ್ತಾಳೆ! ನನ್ನ ಕ್ಲಾಸಲ್ಲಿ ಒಬ್ರೂ ಇಷ್ಟು ಚೊಕ್ಕ ಇಲ್ಲ."

೧೯೯೭ರ ಬೇಸಿಗೆಯಲ್ಲಿ ಆ ಪಾಳುಮನೆಯನ್ನು ಗವಿಪುರಂನ ಪುಟ್ಟಯ್ಯನವರು ಕೊಂಡು, ಹೊಸದು ಕಟ್ಟಿಸಲೆಂದು ಕೆಡವಲು ಆಳುಗಳನ್ನು ಬಿಟ್ಟರು. ಆ ದಿನ ಬೆಕ್ಕು ಹಾಲನ್ನ ಮೂಸಲಿಲ್ಲ. ಕಾಂಪೌಂಡಿನ ಮೇಲೆ ಆಚೀಚೆ ಓಡಾಡುತ್ತಾ ಒಂದೇ ಸಮನೆ ಕೂಗಿತು. ಹೆಂಚು ಇಳಿಸುತ್ತಿದ್ದ ಸದ್ದು ಕೇಳಿದೊಡನೆ ಮೇಡಂಗೆ ಹೊಳೆಯಿತು. "ಅಯ್ಯೋ, ಅಟ್ಟದಲ್ಲಿ ಮರಿ ಹಾಕಿದಾಳೆ" ಎನ್ನುತ್ತಾ ಬರಿಗಾಲಲ್ಲೇ ಓಡಿದರು.

ಪುಟ್ಟಯ್ಯ ಕೆಲಸ ನಿಲ್ಲಿಸಿ ಆಳೊಬ್ಬನನ್ನು ಹತ್ತಿಸಿದರು. ಬೆಕ್ಕು ಅವನಿಗಿಂತ ಮೊದಲೇ ಅಟ್ಟ ಸೇರಿ, ಅವನ ಕೈ ರಕ್ತ ಬರುವಂತೆ ಪರಚಿತು. ಇನ್ನೊಬ್ಬನಿಗೂ ಅದೇ ಗತಿ.

"ಗೋಡೆ ಆಗ್ಲೇ ಬಿರುಕು ಬಿಟ್ಟೈತೆ ಮೇಡಂ, ಜಾಸ್ತಿ ಹೊತ್ತು ನಿಲ್ಲಾಕಿಲ್ಲ. ಅದು ಯಾರ್ನೂ ಹತ್ರ ಸೇರಿಸ್ತಿಲ್ವಲ್ಲ" ಎಂದರು ಪುಟ್ಟಯ್ಯ.

"ನನ್ನ ದನಿ ಅದಕ್ಕೆ ಗೊತ್ತು. ನಾನು ಹತ್ತುತೀನಿ."

ಹಿಂದೆಯೇ ಬಂದಿದ್ದ ಶೀನಣ್ಣ ಕೂಗಾಡಿದರು. "ತಲೆ ಕೆಟ್ಟಿದೆಯೇನೇ ನಿಂಗೆ? ಡಾಕ್ಟ್ರು ಹೇಳಿದ್ದು ಮರ್ತುಹೋಯ್ತಾ?"

"ಮರೆತಿಲ್ಲ. ನೀನು ಹೋಗಿ ಒಂದು ಆಟೋ ಕರ್ಕೊಂಡು ಬಂದು ನಿಲ್ಲಿಸ್ಕೋ" ಎಂದರು ಮೇಡಂ.

ಒದ್ದೆ ಟವೆಲನ್ನು ಮೂಗು ಬಾಯಿಗೆ ಬಿಗಿದುಕೊಂಡು ಅವರು ಏಣಿ ಹತ್ತಿದರು. ಪುಟ್ಟಯ್ಯನೇ ಏಣಿ ಹಿಡಿದುಕೊಂಡರು. ಮೇಲೆ ಬೆಕ್ಕು ಗುರ್ ಎಂದಿತು. "ಬಾರಮ್ಮಾ, ನಾನೇ ಕಣೇ" ಎಂಬ ದನಿ ಕೇಳಿ ಸುಮ್ಮನಾಯಿತು. ಹರಿದ ಗೋಣಿಯ ಮೇಲೆ ಮೂರು ಮರಿಗಳಿದ್ದವು. ಮೇಡಂ ಎರಡನ್ನು ಸೆರಗಿಗೆ ಹಾಕಿಕೊಂಡರು. ಮೂರನೆಯದನ್ನು ಎತ್ತಿಕೊಂಡಾಗ ಅದರ ಎದೆ ಬೆರಳಿಗೆ ಡವಡವ ಬಡಿಯಿತು. ಕಣ್ಣು ಉರಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಆದರೂ ಅವರು ಒಂದು ಗಳಿಗೆ ಅದನ್ನು ಕೆನ್ನೆಗೊತ್ತಿಕೊಂಡು ಕೂತರು.

"ಬೇಗ ಇಳೀರಮ್ಮಾ!" ಕೆಳಗಿನಿಂದ ಪುಟ್ಟಯ್ಯ ಕೂಗಿದರು.

ಇಳಿದಾಗ ಮೇಡಂ ತುಟಿ ನೀಲಿಗಟ್ಟಿತ್ತು. ಪುಟ್ಟಯ್ಯನ ಹೆಂಡತಿ ಲಕ್ಕಮ್ಮ ಮರಿಗಳನ್ನು ಮಡಿಲಿಗೆ ತೆಗೆದುಕೊಂಡರು. ತಾಯಿ ಬೆಕ್ಕು ಅವರ ಕಾಲ ಬಳಿಗೇ ಇಳಿದು ಬಂತು. ಶೀನಣ್ಣ ತಂಗಿಯನ್ನು ಆಟೋಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದರು.

ಆಮ್ಲಜನಕ, ಇಂಜೆಕ್ಷನ್, ಡಾಕ್ಟರ ಬೈಗುಳ ಎಲ್ಲ ಆಗಿ ಮರುದಿನ ಮಧ್ಯಾಹ್ನ ಮೇಡಂ ಎದ್ದು ಕೂತರು. ಶೀನಣ್ಣ ಮಾತು ಬಿಟ್ಟಿದ್ದರು. ಆಗ ಬೀದಿಯಿಂದ ಯಾರೋ ಕರೆದಂತಾಗಿ ಇಬ್ಬರೂ ಆಸ್ಪತ್ರೆ ಮಹಡಿಯ ಕಿಟಕಿಗೆ ಬಂದರು. ಕೆಳಗೆ ಪುಟ್ಟಯ್ಯ, ಲಕ್ಕಮ್ಮ. ತಾಯಿಯನ್ನೂ ಮರಿಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಗವಿಪುರಂಗೆ ಹೊರಟವರು ಆಟೋ ನಿಲ್ಲಿಸಿದ್ದರು.

"ಮೇಡಂ, ಇವನ್ನ ನಾವೇ ಸಾಕ್ಕೋತೀವಿ. ಹೊಸ ಮನೆ ಆದ್ಮೇಲೆ ನಿಮ್ ಪಕ್ಕಕ್ಕೇ ಬತ್ತವೆ" ಎಂದು ಲಕ್ಕಮ್ಮ ಕೂಗಿ ಹೇಳಿದರು.

ಪುಟ್ಟಯ್ಯ ಅಂಗೈ ಮೇಲೆ ಒಂದೊಂದೇ ಮರಿಯನ್ನೆತ್ತಿ ತೋರಿಸಿದರು. ಬೀದಿಯಲ್ಲಿ ಹಾದುಹೋಗುತ್ತಿದ್ದ ಬಸ್ಸಿನವರೆಲ್ಲ ಇಣುಕಿ ನೋಡಿದರೂ ಅವರಿಗೆ ಲಕ್ಷ್ಯವಿರಲಿಲ್ಲ. ನಿನ್ನೆಯಿಂದ ಮುನಿಸಿಕೊಂಡಿದ್ದ ಶೀನಣ್ಣ ಕತ್ತು ಚಾಚಿ, "ಮೂರನೇದು ಸ್ವಲ್ಪ ಕಪ್ಪಗಿದೆ, ಅಲ್ವೇನೇ?" ಎಂದರು.

"ಕಿವಿ ಹಿಂದೆ ಬಿಳಿ ಮಚ್ಚೆ ಇದೆ, ಇಲ್ಲಿಂದ ಕಾಣಲ್ಲ" ಎಂದರು ಚೂಡಾಮಣಿ, ಊದಿದ ಕಣ್ಣರಳಿಸಿ. "ನಾನು ಎತ್ಕೊಂಡಿದ್ದೆನಲ್ಲ, ನಂಗೊತ್ತು."