ಭಾಗ್ಯಶ್ರೀ ಹಾಕಿದ ಎರಡು ಅಂಕ

ಚಿತ್ತಾಪುರದ ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಮೂರು ವರ್ಷದಿಂದ ಭಾಗ್ಯಶ್ರೀಯೇ ಪಾಯಿಂಟ್ ಗಾರ್ಡ್. ಚೆಂಡನ್ನು ಮುಂದೆ ತಂದು ಗೆಳತಿಯರಿಗೆ ಹಂಚುವುದು ಅವಳ ಕೆಲಸ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಹುಡುಗಿಗೆ ಅದು ಕಷ್ಟವೆನಿಸಿರಲಿಲ್ಲ. ತಾನೇ ಬುಟ್ಟಿಗೆ ಎಸೆಯುವುದೆಂದರೆ ಮಾತ್ರ, ಅಪ್ಪ ಅಣ್ಣಂದಿರಿಗಿಂತ ಮೊದಲೇ ತಾಟು ಹಾಕಿಕೊಂಡು ಕೂತಷ್ಟು ನಾಚಿಕೆ.

ಶಹಾಬಾದಿನಲ್ಲಿ ನಡೆದ ಫೈನಲ್ ಅವಳ ಕೊನೆಯ ಪಂದ್ಯ. ಆರು ಸೆಕೆಂಡ್ ಉಳಿದಿತ್ತು, ಒಂದು ಅಂಕ ಹಿಂದಿದ್ದರು. ಅಡ್ಡ ನಿಂತ ಎದುರಾಳಿ ಹುಡುಗಿ ನಕ್ಕಳು.

"ಯಾರಿಗಿ ಕೊಡ್ತೀ ಕೊಡವಾ, ನೀ ಅಂತೂ ಹಾಕಾಕಿ ಅಲ್ಲ!"

ಹಾಗೆಂದವಳೇ ಭಾಗ್ಯಶ್ರೀಯನ್ನು ಬಿಟ್ಟು, ಚಿತ್ತಾಪುರದ ಪರವಾಗಿ ಯಾವಾಗಲೂ ಹೆಚ್ಚು ಅಂಕ ಹಾಕುವ ಸುಜಾತಾಳನ್ನು ತಡೆಯಲು ಓಡಿದಳು. ಸುಜಾತಾ ಕೂಗಿದಳು: "ಅಕ್ಕಾ, ನನ್ ಮುಂದ ಇಬ್ರು ನಿಂತಾರ! ನೀನೇ ಹಾಕು!"

ಭಾಗ್ಯಶ್ರೀ ಎಸೆದಳು. ಚೆಂಡು ರಿಂಗಿನ ಅಂಚಿನಲ್ಲಿ ಒಂದು ಸುತ್ತು ತಿರುಗಿ ಬಲೆಯೊಳಗೆ ಇಳಿಯಿತು. ಸೀಟಿ ಮೊಳಗಿತು.

ಗೆಳತಿಯರು ಕುಣಿಯುತ್ತಿರುವಾಗ ಅವಳು ಅಂಕ ಬರೆಯುವವರ ಮೇಜಿನತ್ತ ನೋಡಿದಳು. ಅವರು ರೂಢಿಯಂತೆ ಸುಜಾತಾಳ ಹೆಸರಿನ ಮುಂದೆ ಪೆನ್ನು ಇಟ್ಟಿದ್ದರು. ಹಿಂದೆ ಅಪರೂಪಕ್ಕೆ ತಾನು ಹಾಕಿದ ಅಂಕ ಹೀಗೆ ಬೇರೆಯವರ ಹೆಸರಿಗೆ ಹೋದಾಗ ಸುಮ್ಮನಿದ್ದವಳು ಈಗ ನೇರ ಅಲ್ಲಿಗೆ ನಡೆದಳು.

"ಸರ್, ಅದು ನಾ ಹಾಕಿದ್ದರಿ. ಭಾಗ್ಯಶ್ರೀ ಅಂತ ಬರೀರಿ."