ಎರಡು ಬಡಿತಕ್ಕೆ ಸುಮ್ಮನಿರಬೇಕು

ಮೇಡಮ್ಮನ ಬೆರಳಿನ ಉಂಗುರ ಮೇಜಿಗೆ ತಾಗಿ ಟಕ್ ಎಂದಿತು, ಮುತ್ತಪ್ಪನ ಕೈಯೂ ಟಕ್ ಎಂದು ಬಡಿಯಿತು, ಸರಿಯಾಯಿತು, ಇದೂ ಒಂದು ಪರೀಕ್ಷೆಯೇ, ಅಂಗನವಾಡಿಯಲ್ಲಿ ಆಡಿಸುವ ಆಟ — ನಾ ಒಮ್ಮೆ ಬಡದ್ರ ನೀವೂ ಒಮ್ಮೆ ಬಡೀರಿ, ನಾ ಎರಡ ಸಲ ಬಡದ್ರ ನೀವು ಸುಮ್ಮನಿರ್ರಿ, ಅಷ್ಟ ಮುತ್ತಪ್ಪನವರ, ಎಂದು ಸಾಜಿಯಾ ಮೇಡಂ ಹೇಳಿ ಮುಗಿಸುವ ಮೊದಲೇ ಅವನಿಗೆ ತಿಳಿದುಹೋಗಿತ್ತು, ತಿಳಿಯದೆ ಏನು, ಬಾಗಲಕೋಟೆಯ ಈ ದವಾಖಾನೆಯಲ್ಲಿ ಕುಡಿಯುವವರ, ಕುಡಿತ ಬಿಟ್ಟವರ ತಲೆ ನೋಡುವುದೇ ಈ ಮೇಡಮ್ಮನ ಕೆಲಸವಂತೆ, ತಲೆ ನೋಡುತ್ತಾರೆ ಎಂದದ್ದಕ್ಕೆ ಮಲ್ಲಮ್ಮ ನಿನ್ನೆ ಸೀಗೆಪುಡಿ ಹಾಕಿ ಗಂಡನ ತಲೆಯನ್ನು ತಿಕ್ಕಿ ತಿಕ್ಕಿ ತೊಳೆದಿದ್ದಳು, ಮಷೀನ ಹಚ್ಚತಾರ, ಎಣ್ಣಿ ಜಿಡ್ಡ ಇರಬಾರದು ಎಂದು, ಇಲ್ಲಿ ನೋಡಿದರೆ ಮಷೀನೂ ಇಲ್ಲ ವೈರೂ ಇಲ್ಲ, ಒಂದು ಮೇಜು, ಎರಡು ಕುರ್ಚಿ, ಮಾತು. ಬಾವಿ, ಮಲ್ಲಿಗೆ, ರೈಲು, ಈ ಮೂರು ನೆನಪಿಡ್ರಿ ಎಂದಿದ್ದರು, ಇಟ್ಟ, ಕೇಳಿದಾಗ ಹೇಳಿದ, ಗೊತ್ತಿರುವ ಪ್ರಾಣಿಗಳ ಹೆಸರೆಲ್ಲ ಹೇಳ್ರಿ ಎಂದಾಗ ಕುರಿ, ಟಗರು, ಕುರಿಮರಿ, ಆಡು, ಹೋತ ಎಂದು ಓಟ ಕಿತ್ತವನು ಅಲ್ಲೇ ನಿಂತ, ಮತ್ತೆ ಕುರಿ ಎಂದ, ಮೇಡಂ ನಕ್ಕು, ಕುರಿ ಹಟ್ಟಿ ಬಿಟ್ಟ ಹೊರಗ ಬರ್ರಿ ಎಂದರು, ಅವನೂ ನಕ್ಕ, ಹೊರಗೆ ಬರಲು ನೋಡಿದ, ಹುಲಿ ಆನೆ ಎಲ್ಲ ಎಲ್ಲಿಗೆ ಹೋದವೋ, ಬಾಯಿಗೆ ಬಂದದ್ದು ಮತ್ತೊಂದು ಟಗರು. ಇರಲಿ ಬಿಡು, ಕುರುಬರವನು, ಬೀರಪ್ಪನ ಒಕ್ಕಲು, ಕುರಿ ಹೇಳದೆ ಇನ್ನೇನು ಹೇಳಬೇಕು.

ಟಕ್, ಟಕ್, ಸರಿ, ಟಕ್‌ಟಕ್, ಸುಮ್ಮನಿದ್ದ, ಸರಿ — ಇದು ಮುಗಿದರೆ ಮೇಡಂ ಫ್ಯಾಕ್ಟರಿಯ ಸಾಹುಕಾರರಿಗೆ ಒಂದು ಮಾತು ಹೇಳುತ್ತಾರೆ, ತಲೆ ಸರಿಯಿದೆ ಎಂದು, ಆಮೇಲೆ ಮತ್ತೆ ಇಳಕಲ್ಲಿನ ಆ ಕಲ್ಲಿನ ಫ್ಯಾಕ್ಟರಿ, ಮೇಲೆ ತನ್ನ ಕ್ರೇನು, ಕೆಳಗೆ ಕೆಂಪು ಗ್ರಾನೈಟಿನ ದಿಂಡುಗಳು, ಆ ಕ್ಯಾಬಿನ್ನಿನಲ್ಲಿ ಕೂತರೆ ಯಾವನೂ ಅವನನ್ನು ಕುಡುಕ ಎನ್ನುತ್ತಿರಲಿಲ್ಲ, ಕುಡಿಯುತ್ತಿದ್ದದ್ದು ಕೆಳಗಿಳಿದ ಮೇಲೆ, ದಿನಾ ಸಂಜೆ, ವರ್ಷಾನುಗಟ್ಟಲೆ, ಖರೆ, ಆದರೆ ಯುಗಾದಿಯ ಬೇವು ಬೆಲ್ಲ ತಿಂದು ಹೆಂಡತಿ ಮಲ್ಲಿಯ ಕೈಮೇಲೆ ಕೈಯಿಟ್ಟು ಬಿಟ್ಟವನು ಮತ್ತೆ ಮುಟ್ಟಲಿಲ್ಲ, ಆ ದಿನವೂ ಮುಟ್ಟಿರಲಿಲ್ಲ, ಕಾರಹುಣ್ಣಿವೆಯ ಮರುದಿನ, ಕಲ್ಲು ಲಾರಿಯ ಮೇಲೆ ಇಳಿಯುತ್ತಿತ್ತು, ಕೆಳಗೆ ಮಲ್ಲಿಯ ತಮ್ಮ ನಿಂಗರಾಜ ಸೀಟಿ ಕಚ್ಚಿಕೊಂಡು ನಿಂತಿದ್ದ, ಒಂದು ಸೀಟಿಗೆ ಇಳಿಸಬೇಕು, ಎರಡು ಸೀಟಿಗೆ ನಿಲ್ಲಿಸಬೇಕು, ನಿಂಗ ಕಲ್ಲಿನ ಕೆಳಗೆ ಕಟ್ಟಿಗೆಯ ತುಂಡು ಇಡಲು ಬಾಗಿದ, ಕಲ್ಲು ಇಳಿಯುತ್ತಲೇ ಹೋಯಿತು, ಹುಡುಗ ಹಿಂದಕ್ಕೆ ಹಾರಿ ಬಿದ್ದ, ಕಟ್ಟಿಗೆ ಹಪ್ಪಳದಂತೆ ಮುರಿಯಿತು. ನಾ ಎರಡ ಸಲ ಊದೀನಿ ಮಾಮಾ. ಇಲ್ಲಲೇ, ಒಂದ ಸಲ ಊದಿ. ಬೀರಪ್ಪನಾಣಿ ಎರಡ ಊದೀನಿ. ಸುಳ್ಳ ಹೇಳಬ್ಯಾಡಲೇ ನಿಂಗ್ಯಾ, ನನ್ನ ಕಿವಿ ಕಿವುಡಾಗಿಲ್ಲ. ಸಾಹುಕಾರ ಇಬ್ಬರ ಮುಖವನ್ನೂ ನೋಡಿದ, ಹಳೆಯ ಕುಡುಕನನ್ನು ತಲೆ ತೋರಿಸಿಕೊಂಡು ಬಾ ಎಂದು ಮನೆಗೆ ಕಳಿಸಿದ, ಹುಡುಗನನ್ನು ಕೆಲಸದಿಂದಲೇ ತೆಗೆದ.

ಮಲ್ಲಮ್ಮ ಗಂಡನ ಮಾತು ನಂಬಿದಳು, ಇಷ್ಟು ವರ್ಷ ಅವನ ಸುಳ್ಳುಗಳನ್ನು ವಾಸನೆಯಿಂದಲೇ ಹಿಡಿದವಳು ಈ ಸಲ ನಂಬಿದಳು, ಯಾಕೆಂದರೆ ಈ ಸಲ ಬಾಯಿ ವಾಸನೆ ಇರಲಿಲ್ಲ, ಪಂಚಮಿಗೆ ತವರಿಗೆ ಕರೆಯಲು ನಿಂಗರಾಜ ಉಂಡಿಯ ಡಬ್ಬಿ ಹಿಡಿದು ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ, ನನ್ನ ಗಂಡನ ಮ್ಯಾಲ ಸುಳ್ಳ ಹಾಕಿದಾವನ ಮನಿಗೆ ನಾ ಬರೂದಿಲ್ಲ ಎಂದಳು, ಒಂದು ಚರಿಗೆ ನೀರು ಕೊಡಲಿಲ್ಲ, ಅವನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದ, ಉಂಡಿಗೆ ಇರುವೆ ಮುತ್ತಿದವು. ಇವತ್ತು ಬಸ್ಸು ಹುನಗುಂದ ದಾಟಿ ಕಮತಗಿಯಲ್ಲಿ ನಿಂತಾಗ ಕಿಟಕಿಯ ಬಳಿ ಕೂತವಳು ಸೆರಗು ಎಳೆದುಕೊಂಡು ಈ ಕಡೆ ತಿರುಗಿದಳು, ನಿಂಗ ಈಗ ಅಲ್ಲೇ ಯಾರದೋ ಸಿಮೆಂಟಿನ ಅಂಗಡಿಯಲ್ಲಿ ಚೀಲ ಹೊರುತ್ತಾನೆ, ಕಣ್ಣಿಗೆ ಬಿದ್ದರೆ ಎಂಬ ಹೆದರಿಕೆ, ತಿರುಗಿದವಳ ಕಣ್ಣಲ್ಲಿ ನೀರಿತ್ತು, ಮುತ್ತಪ್ಪ ಕಂಡೂ ಕಾಣದವನಂತೆ ಕೂತ. ಟಕ್, ಟಕ್, ಟಕ್‌ಟಕ್, ಟಕ್ — ಮೇಡಂ ತಡೆದರು, ಮುತ್ತಪ್ಪನವರ, ನಾ ಎರಡ ಬಡದೆ. ಇಲ್ಲರಿ, ಒಂದ ಬಡದ್ರಿ. ಎರಡರಿ. ಒಂದರಿ ಮೇಡಮ್ಮಾರ, ಕಿವೀಲೆ ಕೇಳೇನಲ್ಲ. ಹೇಳಿಬಿಟ್ಟ, ಹೇಳಿದ ಮೇಲೆ ಆ ಮಾತು ತನ್ನದೇ ಬಾಯಿಯಲ್ಲಿ ಹಳೆಯದು ಎನಿಸಿತು. ಆಗಲಿ, ಇನ್ನೊಮ್ಮೆ ನೋಡೋಣ ಎಂದರು, ನೋಡಿದರು, ಇನ್ನೊಮ್ಮೆಯೂ ಎರಡಕ್ಕೆ ಕೈ ಬಿತ್ತು, ಈ ಸಲ ಅವನಿಗೇ ಕೇಳಿತು.

ಹಾಂ, ಡೊಳ್ಳು, ಡೊಳ್ಳಿನದು ಇದು, ಯಾಕೆ ಹೊಳೆಯಲಿಲ್ಲ — ಮೇಡಮ್ಮಾರ, ನಂದು ಶಿರೂರರಿ, ಬೀರಪ್ಪನ ಗುಡಿ ಮುಂದ ಡೊಳ್ಳ ಬಡದ ಕೈ ಇದು, ಮೇಳದಾಗ ಮುಂದಿನಾಂವ ಒಂದ ಬಡದ್ರ ನಾವೂ ಒಂದ, ಎರಡ ಬಡದ್ರ ಎಲ್ಲಾರೂ ಕೂಡೇ ಬಡೀಬೇಕರಿ, ಸುಮ್ಮನಿದ್ರ ಬೈತಾರ, ಅದಕ್ಕ ಕೈ ಹೋಗೇತಿ, ತಲೀದೇನೂ ಇಲ್ಲರಿ. ಎಷ್ಟು ಹಗುರವಾಯಿತು ಹೇಳಿ, ದೊಡ್ಡಪ್ಪ ಮುಂದೆ ನಿಂತು ಎರಡು ಹಾಕುತ್ತಿದ್ದ, ಅದರ ಮೇಲೆ ಹತ್ತು ಡೊಳ್ಳು ಒಮ್ಮೆಲೇ ಬೀಳುತ್ತಿದ್ದವು, ಎದೆಯೊಳಗೆ ಬಿದ್ದಂತೆ, ಕುಡಿಯುವುದಕ್ಕೂ ಮುಂಚಿನ ಕೈ ಅದು, ಒಳ್ಳೆಯ ಕೈ. ಮೇಡಂ ಪೂರ್ತಿ ಕೇಳಿದರು, ಇರಬಹುದರಿ, ಹಂಗಾದ್ರ ಬಡಿಯೂದ ಬ್ಯಾಡ, ಬೆರಳ ತೋರಸ್ತೀನಿ, ಒಂದ ಬೆರಳ ಎತ್ತಿದ್ರ ಈ ಗ್ಲಾಸ ಎತ್ತರಿ, ಎರಡ ಎತ್ತಿದ್ರ ಮುಟ್ಟಬ್ಯಾಡ್ರಿ. ಡೊಳ್ಳಿನಲ್ಲಿ ಬೆರಳೂ ಇಲ್ಲ ಗ್ಲಾಸೂ ಇಲ್ಲ, ಆಗಲಿ ಎಂದ. ಒಂದು, ಎತ್ತಿದ, ಎರಡು, ಸುಮ್ಮನಿದ್ದ, ನೋಡಿದಿರಾ ಎಂದುಕೊಂಡ, ಒಂದು, ಎತ್ತಿದ, ಒಂದು, ಎತ್ತಿದ, ಮತ್ತೆ ಒಂದು, ಮಲ್ಲಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಹೋಗುವಾಗ ಚಹಾ ಕುಡಿಸಬೇಕು, ಎತ್ತಿದ, ಎರಡು — ಗ್ಲಾಸು ಕೈಯಲ್ಲಿತ್ತು.

ಮೇಡಂ ಬೆರಳು ಇಳಿಸಲಿಲ್ಲ. ನೀವು ಒಂದ ಎಂದು ಅವನ ಬಾಯಿ ಶುರು ಮಾಡಿತು, ಎದುರಿಗೆ ಎರಡು ಬೆರಳು ಹಾಗೇ ನಿಂತಿದ್ದವು, ಬಡಿತವಾದರೆ ಗಾಳಿಗೆ ಹೋಗುತ್ತದೆ, ಸೀಟಿಯಾದರೆ ಗಾಳಿಗೆ ಹೋಗುತ್ತದೆ, ಯಾರು ಏನು ಬೇಕಾದರೂ ಅನ್ನಬಹುದು, ಇವು ಹೋಗುತ್ತಿಲ್ಲ, ಎರಡು ಬೆರಳು, ಕೈಯಲ್ಲಿ ಗ್ಲಾಸು. ಎರಡ ಅಂತ ಗೊತ್ತಿತ್ತೇನರಿ, ಮೆಲ್ಲಗೆ ಕೇಳಿದರು, ಗೊತ್ತಿತ್ತರಿ, ಕೈ ಕೇಳಲಿಲ್ಲ, ಎಂದ. ಮೇಡಂ ಹೇಳುತ್ತಿದ್ದರು, ಕುಡಿತ ಭಾಳ ವರ್ಷದ್ದು ಇದ್ರ ಮಿದುಳಿನಾಗ ತಡೆಯೂ ಶಕ್ತಿ ಕುಂದತೈತಿ, ಬಿಟ್ಟೀರಿ ಅಂದ ಮ್ಯಾಲ ಸುಧಾರಸತೈತಿ, ಟೈಮ್ ಹಿಡೀತೈತಿ, ಅಲ್ಲೀತನಕ ಕ್ರೇನ್ ಬ್ಯಾಡ್ರಿ, ಅಲ್ಲೇ ಕೆಳಗ ಬ್ಯಾರೆ ಕೆಲಸ ಕೇಳ್ರಿ — ಒಳ್ಳೆಯ ಮಾತುಗಳು, ಅವನು ಒಂದೊಂದಕ್ಕೂ ಗೋಣು ಹಾಕುತ್ತಿದ್ದ, ಕೆಳಗೆ ಹುಡುಗ ಬಾಗಿದ್ದಾನೆ, ಸೀಟಿ ಕಚ್ಚಿದ ಮುಖ ಮೇಲಕ್ಕೆ ನೋಡುತ್ತಿದೆ, ಎರಡು ಸಲವೇ ಊದಿರಬೇಕು ಅವನು, ಎರಡೇ, ಮಾಮಾ ನಿಲ್ಲಿಸುತ್ತಾನೆಂದು ನಂಬಿ ಕಲ್ಲಿನ ಕೆಳಗೆ ಕೈಯಿಟ್ಟವನು, ಅವನನ್ನು ಸುಳ್ಳ ಅಂದೆನಲ್ಲ, ಅಕ್ಕನ ಹೊಸ್ತಿಲಿಂದ ನೀರಿಲ್ಲದೆ ಕಳಿಸಿದೆನಲ್ಲ, ಕ್ರೇನು ಹೋದರೆ ಹೋಗಲಿ, ಆ ಹುಡುಗನಿಗೆ ಏನೆನ್ನಬೇಕು.

ಬಾಗಿಲು ತೆರೆದು ಹೊರಗೆ ಬಂದ, ಮಲ್ಲಮ್ಮ ಎದ್ದು ನಿಂತಳು, ಸೀಗೆಪುಡಿಯ ವಾಸನೆ ಇನ್ನೂ ಅವಳ ಕೈಯಲ್ಲಿದೆ, ಏನಂದ್ರರಿ, ತಲಿ ಚಲೋ ಐತಂತಿಲ್ಲೊ, ಇನ್ನ ಆ ನಿಂಗ್ಯಾನ ಸುಳ್ಳ ಎಲ್ಲಾರಿಗೂ ಗೊತ್ತಾಗತೈತಿ, ಎನ್ನುತ್ತಿದ್ದಾಳೆ, ಮುಖ ಅರಳಿದೆ, ತಮ್ಮನ ಹೆಸರು ಹೇಳುವಾಗ ಮಾತ್ರ ಕಣ್ಣು ಹನಿಗೂಡುತ್ತದೆ, ಹೇಳಬೇಕು, ಈಗಲೇ ಹೇಳಬೇಕು, ನಿಂಗ ಖರೆ ಹೇಳ್ಯಾನ, ನಡಿ ಕಮತಗಿಗೆ ಹೋಗೋಣ, ಇಷ್ಟೇ ಮಾತು, ನಾಲಿಗೆ ಏಳುತ್ತಿಲ್ಲ, ಅದರ ಬದಲು ಕೈ ತಾನೇ ಎದ್ದಿತು, ಅವಳ ಮುಖದ ಮುಂದೆ ಬಂದು ನಿಂತಿತು, ಮಲ್ಲಮ್ಮ ಅದನ್ನು ನೋಡಿದಳು, ಅವನ ಕಣ್ಣು ನೋಡಿದಳು, ಮತ್ತೆ ಅದನ್ನು ನೋಡಿದಳು, ಎರಡ ಊದಿದ್ನೇನರಿ ಎಂದಳು, ಮೆಲ್ಲಗೆ ಬೆಂಚಿನ ಮೇಲೆ ಕೂತಳು, ಕೈ ಇಳಿಸಬೇಕು, ಇಳಿಸಿ ಅವಳ ಹೆಗಲ ಮೇಲೆ ಇಡಬೇಕು, ಇಳಿಯುತ್ತಿಲ್ಲ, ಎರಡು ಬೆರಳು, ಹಾಗೇ ನಿಂತಿವೆ, ಎರಡು ಬೆರಳು.